ಭೂಮಣ್ಣಿ ಬುಟ್ಟಿ

ನಮ್ಮ ಅಜ್ಜಿ 2019ರ ಮಳೆಗಾಲದಲ್ಲಿ ತೀರಿಕೊಂಡಳು. ಆಗ ಅವಳಿಗೆ 95 ವರ್ಷವೆಂಬುದು ಮನೆಯವರ ಲೆಕ್ಕ. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ. ತಾನು ಮದುವೆಯಾಗಿ ಶರಾವತಿ ಕಣಿವೆಯ ಹಳ್ಳಿಗೆ ಬಂದಾಗ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಕೆಲಸ ನಡೆದಿತ್ತೆಂದು ಅವಳು ಹೇಳುತ್ತಿದ್ದಳು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿಷಯವಾಗಿ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದ 1951ರಲ್ಲಿ ಅವಳ ಕಂಕುಳಲ್ಲಿ ಮೂರನೆಯ ಮಗುವಿತ್ತು. ಹೀಗೆ ನಾಡಿನ ಸಂಗತಿಗಳಿಗೆ ತನ್ನ ಬಾಳನ್ನು ಗಂಟು ಹಾಕಿಕೊಂಡು ಅವಳು ಕಾಲವನ್ನು ಎಣಿಸುತ್ತಿದ್ದಳು.

ಒಂಬತ್ತು ಮಕ್ಕಳನ್ನು ಹೆತ್ತು ಆರನ್ನು ಉಳಿಸಿಕೊಂಡವಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಮನೆಯ ಕಣಜದ ಬೀಗ, ಕರುಗಳ ಆರೈಕೆ, ಸೊಸೆಯಂದಿರ ಬಾಣಂತನ, ಜಗಳದ ತೀರ್ಪು ಎಲ್ಲವೂ ಅವಳ ಕೈಯಲ್ಲಿದ್ದವು. ಗದರಿಸಿದ್ದು ಕಡಮೆ. ಊಟದ ಹೊತ್ತಿಗೆ ಯಾರಾದರೂ ಮುನಿಸಿಕೊಂಡು ಹೊರಗೆ ಕುಳಿತರೆ, ಅವರು ಒಳಗೆ ಬರುವತನಕ ತಾನೂ ಉಣ್ಣುತ್ತಿರಲಿಲ್ಲ. ಅಷ್ಟೇ ಅವಳ ಶಿಕ್ಷೆ. ಅದಕ್ಕಿಂತ ಬೆತ್ತದ ಏಟೇ ಮೇಲೆಂದು ನಮಗೆಲ್ಲ ಅನ್ನಿಸುತ್ತಿತ್ತು.

ಅವಳನ್ನು ನೆನೆದಾಗ ನನ್ನ ಕಣ್ಣೆದುರು ಬರುವುದು ಭೂಮಿ ಹುಣ್ಣಿಮೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಭತ್ತದ ಪೈರು ಹೊಡೆಯೊಡೆಯುತ್ತದೆ. ಮಲೆನಾಡಿನ ದೀವರ ಮನೆಗಳಲ್ಲಿ ಭೂಮಿಯನ್ನು ಆಗ ತುಂಬಿದ ಬಸುರಿಯೆಂದು ಭಾವಿಸಿ, ಅವಳ ಬಯಕೆ ತೀರಿಸುತ್ತಾರೆ. ಮಹಾನವಮಿ ಬಂತೆಂದರೆ ಅಜ್ಜಿ ಬಿದಿರಿನ ಬುಟ್ಟಿಗೆ ಸೆಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚುತ್ತಿದ್ದಳು. ಅಕ್ಕಿ ನೆನೆಸಿ ಅರೆದ ಹಿಟ್ಟೇ ಬಿಳಿಯ ಬಣ್ಣ. ಪುಂಡಿನಾರಿನ ಎಳೆಗಳೇ ಕುಂಚ. ಆ ಕೆಂಪು ನೆಲದ ಮೇಲೆ ಗಾಡಿ, ಏಣಿ, ಭತ್ತದ ಸಸಿ, ಗೂಡಿನಂಥ ಗೆರೆಗಳು ಒಂದೊಂದಾಗಿ ಮೂಡುತ್ತಿದ್ದವು. ಅಳತೆಗೋಲಿಲ್ಲದ ಆ ಕೈ ಎಂಬತ್ತರ ವಯಸ್ಸಿನಲ್ಲಿಯೂ ನಡುಗುತ್ತಿರಲಿಲ್ಲ. ಇದೇ ಭೂಮಣ್ಣಿ ಬುಟ್ಟಿ.

ಹುಣ್ಣಿಮೆಯ ಹಿಂದಿನ ರಾತ್ರಿ ಅವಳಿಗೆ ನಿದ್ದೆಯಿಲ್ಲ. ಹಲವು ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಹಚ್ಚಂಬಲಿ, ಕಡುಬು, ಕಾಯಿಪಲ್ಯಗಳು ಬೆಳಗಿನ ಜಾವಕ್ಕೆ ಸಿದ್ಧವಾಗಬೇಕು. ಇನ್ನೂ ಕತ್ತಲಿರುವಾಗಲೇ ದೀವಟಿಗೆ ಹಿಡಿದು ಎಲ್ಲರೂ ಗದ್ದೆಗೆ ಹೊರಡುತ್ತಿದ್ದೆವು. ಅಜ್ಜಿ ಪೈರಿಗೆ ಪೂಜೆ ಮಾಡಿ ತನ್ನ ಕೊರಳಿನ ಸರವನ್ನು ತೆಗೆದು ಅದಕ್ಕೆ ತೊಡಿಸುವಳು. ಬಳಿಕ ಎಡೆಯಿಡುವಳು: ಒಂದು ಭೂಮಿತಾಯಿಗೆ, ಒಂದು ಕಾಗೆಗೆ, ಒಂದು ಇಲಿಗೆ. ಪೈರು ತಿನ್ನುವ ಇಲಿಗೇಕೆ ಊಟವೆಂದು ನಾನು ಕೇಳಿದ್ದುಂಟು. “ಅದಕ್ಕೂ ಮಕ್ಕಳಿಲ್ಲವೇನೋ?” ಎಂದು ಅವಳು ನಕ್ಕಳು.

ಪೈರಿಗೆ ತೊಡಿಸುತ್ತಿದ್ದ ಸರ ಬರಿಯ ಕರಿಮಣಿಯದು. ಅವಳ ಬಂಗಾರದ ಗುಂಡಿನ ಸರದ ಕಥೆ ಬೇರೆ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಕಣಿವೆಯ ಊರುಗಳು, ಗದ್ದೆ ತೋಟಗಳು, ಹಿರೇಭಾಸ್ಕರದ ಹಳೆಯ ಅಣೆಕಟ್ಟು ಕೂಡ ನೀರಿನ ಪಾಲಾದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ನಗರಗಳನ್ನೂ ಕಾರ್ಖಾನೆಗಳನ್ನೂ ಬೆಳಗಿತು; ಅದು ಸುಳ್ಳಲ್ಲ. ನಮ್ಮವರು ಸಾಮಾನುಗಳ ಜೊತೆಗೆ ಲಾರಿಯಲ್ಲಿ ಬಂದಿಳಿದದ್ದು ಶಿವಮೊಗ್ಗದ ಕಡೆಯ ಒಂದು ಕಾಡಿನಂಚಿಗೆ. ಗೇಣಿದಾರರಾದ್ದರಿಂದ ಕೈಗೆ ಬಂದ ಪರಿಹಾರ ಅತ್ಯಲ್ಪ. ಅಜ್ಜ ತಲೆಯ ಮೇಲೆ ಕೈಹೊತ್ತು ಕುಳಿತನಂತೆ. ಅಜ್ಜಿ ಗುಂಡಿನ ಸರವನ್ನು ಬಿಚ್ಚಿ ಅವನ ಮುಂದಿಟ್ಟು, “ಒಂದು ಜೊತೆ ಎತ್ತು ತನ್ನಿ, ಕುಳಿತರೆ ಕಾಡು ಗದ್ದೆಯಾಗುವುದಿಲ್ಲ” ಎಂದಳು. ಆಗ ಅವಳಿಗೆ 40 ವರ್ಷ. ಪೊದೆ ಕಡಿದು, ಬೇರು ಕಿತ್ತು, ಬದು ಹಾಕಿ ಮೂರನೆಯ ವರ್ಷ ಒಂದು ಹಿಡಿ ಭತ್ತ ಕಂಡರು. ಬೆಳಕಿಗಾಗಿ ಮನೆ ಬಿಟ್ಟವರ ಗುಡಿಸಲಿನಲ್ಲಿ ಬಹುಕಾಲ ಉರಿದದ್ದು ಚಿಮಣಿ ದೀಪ.

ಆ ನೆಲದ ಹಕ್ಕುಪತ್ರಕ್ಕಾಗಿ ಅಜ್ಜ ಅಲೆದ. ಅವನ ನಂತರ ಅಪ್ಪ ಅಲೆದರು. ಅಜ್ಜಿಯ ಕಾಲ ಮುಗಿಯಿತೇ ಹೊರತು ಕಾಗದ ಬರಲಿಲ್ಲ. ಶರಾವತಿಯ ಮುಳುಗಡೆಯವರಲ್ಲಿ ಅದಕ್ಕಾಗಿ ಇಂದಿಗೂ ಕಾಯುತ್ತಿರುವ ಮನೆಗಳು ಅನೇಕ.

ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದು ಹಳೆಯ ಊರುಗಳ ಗುರುತುಗಳು ಮೇಲೆ ಬರುತ್ತವೆ. ಅಂಥ ಒಂದು ಬೇಸಿಗೆಯಲ್ಲಿ ಅಜ್ಜಿಯನ್ನು ಅಲ್ಲಿಗೆ ಕರೆದೊಯ್ದೆವು. ಬಿರುಕುಬಿಟ್ಟ ಕೆಸರಿನ ಬಯಲು. ಅಲ್ಲಲ್ಲಿ ಕಪ್ಪುಗಟ್ಟಿದ ಮರದ ಬುಡಗಳು. ನಮಗೆ ಎಲ್ಲವೂ ಒಂದೇ. ಅವಳು ಮಾತ್ರ ಬೀದಿಯಲ್ಲಿ ನಡೆಯುವವಳಂತೆ ತಿರುವುಗಳನ್ನು ಹಿಡಿದು ಮುಂದೆ ಮುಂದೆ ಹೋದಳು. ಒಂದು ಉದ್ದನೆಯ ಕಲ್ಲಿನ ಬಳಿ ನಿಂತಳು. ನಾನು ಅದರ ಮೇಲೆ ಕಾಲಿಡಬೇಕು, ಅಷ್ಟರಲ್ಲಿ, “ಹೊಸಿಲು ತುಳಿಯಬೇಡ ಮಗಾ” ಎಂದಳು. ಸುತ್ತ ಗೋಡೆಯಿಲ್ಲ, ಮಾಡಿಲ್ಲ. ನಾವೆಲ್ಲರೂ ಆ ಕಲ್ಲನ್ನು ದಾಟಿ ಒಳಗೆ ಹೋದೆವು.

ಭೂಮಿ ಹುಣ್ಣಿಮೆಯ ದಿನ ಅಜ್ಜಿ ಎಡೆಗಳನ್ನೆಲ್ಲ ಇಟ್ಟ ಮೇಲೂ ಬುಟ್ಟಿಯಲ್ಲಿ ಒಂದು ತುತ್ತು ಉಳಿಸುತ್ತಿದ್ದಳು. ಬದುವಿನ ಕೊನೆಗೆ ಹೋಗಿ, ಪಶ್ಚಿಮಕ್ಕೆ ಮುಖಮಾಡಿ ಅದನ್ನು ನೆಲದ ಮೇಲಿಡುವಳು. ಯಾರಿಗೆಂದು ಕೇಳಿದರೆ ಬಹಳ ವರ್ಷ ಉತ್ತರ ಹೇಳಲಿಲ್ಲ. ಆ ಬೇಸಿಗೆಯ ನಂತರ ಒಮ್ಮೆ ತಾನಾಗಿಯೇ ಹೇಳಿದಳು: “ಆ ಗದ್ದೆಯೂ ನನ್ನ ಕೈಯಡುಗೆ ಉಂಡದ್ದಲ್ಲವೇ? ನೀರಡಿಯಿದ್ದರೇನು, ಹಸಿವಿರುವುದಿಲ್ಲವೇ?”

ಅವಳು ತೀರಿಕೊಂಡ ವರ್ಷ ಹಬ್ಬ ಮಾಡಬೇಕೋ ಬೇಡವೋ ಎಂಬ ಮಾತು ಬಂತು. “ಮನೆಯಲ್ಲಿ ಸೂತಕವಾದರೆ ಭೂಮಿಯ ಬಯಕೆ ನಿಲ್ಲುತ್ತದೆಯೇ?” ಎಂದು ಅಮ್ಮ ಬುಟ್ಟಿಗೆ ಕೆಮ್ಮಣ್ಣು ಹಚ್ಚಿದಳು. ಅವಳ ಗೆರೆಗಳು ಅಜ್ಜಿಯವುಗಳಷ್ಟು ನೇರವಾಗಿರಲಿಲ್ಲ. ಬೆಳಗಿನ ಜಾವ ಎಡೆಗಳೆಲ್ಲ ಮುಗಿದ ಮೇಲೆ ಉಳಿದ ತುತ್ತನ್ನು ಅಮ್ಮ ಬಾಳೆಯೆಲೆಯಲ್ಲಿ ಕಟ್ಟಿ ನನ್ನ ಕೈಗಿತ್ತಳು. ಸಾಗರದ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಹೊಳೆಬಾಗಿಲು ಸೇರಿದೆ. ಅಲ್ಲಿ ಸೇತುವೆಯಾದದ್ದು 2025ರಲ್ಲಿ. ಆಗ ಇನ್ನೂ ಲಾಂಚಿನಲ್ಲಿಯೇ ದಾಟಬೇಕಾಗಿತ್ತು. ಲಾಂಚು ನಡುನೀರಿಗೆ ಬಂದಾಗ ಎಲೆಯನ್ನು ಬಿಚ್ಚಿ ತುತ್ತನ್ನು ನೀರಿಗೆ ಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ಸ್ವಲ್ಪ ಹೊತ್ತು ನೋಡಿ, “ನಿಮ್ಮದು ಯಾವ ಊರಾಗಿತ್ತು?” ಎಂದು ಕೇಳಿದರು.