ಕೈಬಂದೂಕು: ಆಯ್ಕೆಯೂ ಹೊಣೆಯೂ

ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಯೊಬ್ಬನು ರಿವಾಲ್ವರು, ಪಿಸ್ತೂಲು, ತೋಟಾಗಳ ವಿಷಯವಾಗಿ ಬರೆಯಹೊರಟುದು ವಾಚಕರಿಗೆ ಸೋಜಿಗವೆನಿಸಬಹುದು. ಆದುದರಿಂದ ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಕಾರಣಗಳು ಎರಡು. ಪದವಿ ಮುಗಿದ ಮೇಲೆ ಪೋಲೀಸ್ ಸಬ್‌ಇನ್ಸ್‌ಪೆಕ್ಟರ ಪರೀಕ್ಷೆಗೆ ಕೂಡಬೇಕೆಂಬ ಆಸೆ ನನ್ನದು, ಇದು ಒಂದು. ನಮ್ಮ ಕಾಕಾನ ಎಡಗೈಯಲ್ಲಿ ಈಗ ಮೂರೇ ಬೆರಳುಗಳು ಇರುವುದು ಎರಡನೆಯದು.

ನಾನು ಆಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಮ್ಮದು ಕುಷ್ಟಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಕಾಕಾ ಒಬ್ಬ ಸ್ಥಿತಿವಂತರ ಮನೆಯಲ್ಲಿ ಸಂಬಳಕ್ಕಿದ್ದ. ಒಂದು ದಿನ ಆ ಮನೆಯ ಯಜಮಾನರು ಬೀಗರಿಗೆ ತಮ್ಮ ಪಿಸ್ತೂಲನ್ನು ತೋರಿಸುತ್ತಿದ್ದರಂತೆ. ತೋಟಾಗಳ ಮ್ಯಾಗಜೀನನ್ನು ಹೊರತೆಗೆದು, 'ಇದು ಖಾಲಿ' ಎಂದು ಹೇಳಿ ಒತ್ತಿದರು. ಚಹದ ತಟ್ಟೆ ಹಿಡಿದು ಎದುರಿಗೆ ಬಂದ ಕಾಕಾನ ಎರಡು ಬೆರಳುಗಳು ಹೋದವು. ಕೊಡಲಿ ತಾಗಿತೆಂದು ಹೇಳಲು ಅವನಿಗೆ ಕಲಿಸಲಾಯಿತು. ಒಂದು ಕಾಗದದ ಮೇಲೆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು. ಅದರಲ್ಲಿ ಏನು ಬರೆದಿತ್ತೆಂಬುದನ್ನು ಓದಿ ಹೇಳುವವರು ಅಂದು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಲು ಬಂದ ಮೇಲೆ ಆ ಪಿಸ್ತೂಲಿನ ಸಂಗತಿಯನ್ನೇ ಓದಿ ತಿಳಿಯಬೇಕೆನಿಸಿತು. ಅದರ ಫಲ ಈ ಲೇಖನ.

ಆಯುಧಗಳ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ೧೮೫೭ರಲ್ಲಿ ಇಂಗ್ಲಿಷರು ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಮಾಡಿದಾಗ, ಮುಧೋಳದ ಹತ್ತಿರದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ದಂಗೆಯೆದ್ದರು. ಮರುವರ್ಷವೇ ಮುಂಡರಗಿಯ ಭೀಮರಾಯರು ನಮ್ಮ ಕೊಪ್ಪಳದ ಕೋಟೆಯನ್ನು ಹಿಡಿದು, ೧೮೫೮ರ ಜೂನ್ ೧ರಂದು ಅಲ್ಲಿಯೇ ಹೋರಾಡಿ ಮಡಿದರು. ೧೮೭೮ರ ಆಯುಧ ಕಾಯಿದೆಯು ಪರವಾನಗಿಯ ಪದ್ಧತಿಯನ್ನು ಬಿಗಿಗೊಳಿಸಿತು. ಸ್ವಾತಂತ್ರ್ಯ ಬಂದ ಮೇಲೆ ನಾವೇ ಮಾಡಿಕೊಂಡ ೧೯೫೯ರ ಆಯುಧ ಕಾಯಿದೆಯು ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಪರಕೀಯರ ಕಾಯಿದೆಯು ಪ್ರಜೆಯನ್ನು ಅಂಜಿಸುವುದಕ್ಕಾಗಿತ್ತು. ನಮ್ಮ ಕಾಯಿದೆಯು ಒಬ್ಬ ಪ್ರಜೆಯಿಂದ ಇನ್ನೊಬ್ಬನನ್ನು ಕಾಯುವುದಕ್ಕಾಗಿದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಕೈಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ರಿವಾಲ್ವರು. ಇದರಲ್ಲಿ ತಿರುಗುವ ಒಂದು ಉರುಳೆಯಿದ್ದು, ಅದರ ಸುತ್ತ ಸಾಮಾನ್ಯವಾಗಿ ಆರು ಮನೆಗಳಿರುತ್ತವೆ. ಮನೆಗೊಂದು ತೋಟಾ. ಒಂದು ತೋಟಾ ಹುಸಿಹೋದರೆ ಮತ್ತೊಮ್ಮೆ ಒತ್ತಿದರಾಯಿತು, ಮುಂದಿನ ಮನೆ ತಾನಾಗಿಯೇ ನಳಿಗೆಯ ಎದುರಿಗೆ ಬರುತ್ತದೆ. ಉರುಳೆಯನ್ನು ತೆರೆದರೆ ತೋಟಾ ಇದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಎರಡನೆಯದು ಪಿಸ್ತೂಲು. ಇದರ ಹಿಡಿಯೊಳಗೆ ಮ್ಯಾಗಜೀನು ಕೂಡುತ್ತದೆ. ಹಾರಿದ ತೋಟಾದ ಶಕ್ತಿಯಿಂದಲೇ ಮೇಲಿನ ಭಾಗವು ಹಿಂದಕ್ಕೆ ಸರಿದು, ಬರಿದಾದ ಕೊಳವೆಯನ್ನು ಹೊರಗೆಸೆದು, ಹೊಸ ತೋಟಾವನ್ನು ನಳಿಗೆಗೆ ತುಂಬುತ್ತದೆ. ಇದು ಚಪ್ಪಟೆಯಾಗಿರುವುದರಿಂದ ಬಟ್ಟೆಯೊಳಗೆ ಮರೆಯಾಗಿರುವುದು ಸುಲಭ. ಹಿಡಿಸುವ ತೋಟಾಗಳೂ ಹೆಚ್ಚು. ಆದರೆ ಒಂದು ದೊಡ್ಡ ಅಪಾಯವುಂಟು. ಮ್ಯಾಗಜೀನನ್ನು ತೆಗೆದ ಮೇಲೆಯೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ನಮ್ಮ ಕಾಕಾನ ಬೆರಳುಗಳನ್ನು ತಿಂದುದು ಆ ಒಂದು ತೋಟಾ.

ಆದುದರಿಂದ ಅಭ್ಯಾಸ ಕಡಿಮೆಯುಳ್ಳವನಿಗೆ ರಿವಾಲ್ವರು ವಾಸಿ, ನಿತ್ಯ ಅಭ್ಯಾಸವುಳ್ಳವನಿಗೆ ಪಿಸ್ತೂಲು ವಾಸಿ ಎಂಬುದು ಬಲ್ಲವರ ಮಾತು. ನಮ್ಮ ಓಣಿಯಲ್ಲಿರುವ ನಿವೃತ್ತ ಹವಾಲ್ದಾರರೊಬ್ಬರು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ: "ತಮ್ಮಾ, ಎತ್ತು ಎಷ್ಟ ಜೋರ ಐತಿ ಅಂತ ನೋಡಬ್ಯಾಡ. ನೊಗ ನಿನ್ನ ಕೈಗೆ ಬಗ್ಗತೈತೇನು, ಅದನ್ನ ನೋಡು."

ಇನ್ನು ತೋಟಾದ ವಿಚಾರ. ತೋಟಾ ಎಂದರೆ ಗುಂಡು ಮಾತ್ರವಲ್ಲ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹಾರಿಸುವ ಟೋಪಿ, ಒಳಗೆ ಮದ್ದು, ತುದಿಯಲ್ಲಿ ಗುಂಡು, ಹೀಗೆ ನಾಲ್ಕು ಅಂಗಗಳು ಸೇರಿ ಒಂದು ತೋಟಾ ಆಗುತ್ತದೆ. .೩೨ ಎಂದರೆ ಒಂದು ಇಂಚಿನ ನೂರರಲ್ಲಿ ೩೨ ಭಾಗ, ಅಂದರೆ ಸುಮಾರು ೮ ಮಿಲಿಮೀಟರು. ೯ ಎಂ.ಎಂ. ಎಂಬುದು ಆಸ್ಟ್ರಿಯಾ ಮೂಲದ ಜಾರ್ಜ್ ಲೂಗರನು ೧೯೦೨ರ ಸುಮಾರಿಗೆ ರೂಪಿಸಿದ ತೋಟಾ. ಅಳತೆಯಲ್ಲಿ ಒಂದೇ ಮಿಲಿಮೀಟರಿನಷ್ಟು ಅಂತರವಿದ್ದರೂ ಬಲದಲ್ಲಿ ಅಂತರ ಬಹಳ. ರಿವಾಲ್ವರಿನ .೩೨ ಗುಂಡು ಸುಮಾರು ಆರೂವರೆ ಗ್ರಾಂ ತೂಗಿ, ಸೆಕೆಂಡಿಗೆ ೨೧೫ ಮೀಟರಿನಷ್ಟು ವೇಗದಲ್ಲಿ ಹೊರಡುತ್ತದೆ. ೯ ಎಂ.ಎಂ. ಗುಂಡು ಸುಮಾರು ಏಳೂವರೆ ಗ್ರಾಂ ತೂಗಿ, ೩೫೦ ಮೀಟರಿನಷ್ಟು ವೇಗ ಪಡೆಯುತ್ತದೆ. ಪ್ರೌಢಶಾಲೆಯಲ್ಲಿ ಕಲಿತಂತೆ, ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಎರಡನೆಯದರ ಶಕ್ತಿ ಮೊದಲನೆಯದರ ಮೂರು ಪಟ್ಟು. ಕೈಗೆ ತಟ್ಟುವ ಒದೆತವೂ ಅದಕ್ಕೆ ತಕ್ಕಂತೆ ಹೆಚ್ಚು.

ಗುಂಡಿನ ರೂಪವೂ ಮುಖ್ಯ. ತಾಮ್ರದ ಪೂರ್ಣ ಹೊದಿಕೆಯುಳ್ಳ ಗುಂಡು ಶರೀರವನ್ನು ಹೊಕ್ಕು ಆಚೆಗೆ ಹಾರಿಹೋಗಿ, ಹಿಂದೆ ನಿಂತ ನಿರಪರಾಧಿಯನ್ನು ತಾಗಬಹುದು. ತುದಿಯಲ್ಲಿ ಕುಳಿಯುಳ್ಳ ಗುಂಡು ಒಳಗೆ ಅರಳಿ ಅಲ್ಲಿಯೇ ನಿಲ್ಲುವ ಸಂಭವ ಹೆಚ್ಚು. ಇಂಥ ಅರಳುವ ಗುಂಡುಗಳಿಗೆ ಕಲಕತ್ತೆಯ ಬಳಿಯ ಡಂಡಂ ಕಾರಖಾನೆಯ ಹೆಸರೇ ಅಂಟಿಕೊಂಡಿದೆ. ೧೮೯೯ರ ಹೇಗ್ ಘೋಷಣೆಯು ಯುದ್ಧದಲ್ಲಿ ಇವನ್ನು ನಿಷೇಧಿಸಿತು. ಯುದ್ಧದಲ್ಲಿ ಕ್ರೂರವೆಂದು ಬಿಟ್ಟುದನ್ನೇ ಅಮೆರಿಕೆಯಂಥ ದೇಶಗಳ ಪೋಲೀಸರು, ದಾರಿಹೋಕರ ರಕ್ಷಣೆಗೆಂದು ಇಂದು ಬಳಸುತ್ತಾರೆ. ಒಂದೇ ವಸ್ತುವು ರಣರಂಗದಲ್ಲಿ ಒಂದಾಗಿ, ಸಂತೆಯ ಬೀದಿಯಲ್ಲಿ ಇನ್ನೊಂದಾಗಿ ತೋರುವ ಸಂಗತಿಯು ವಿಚಾರಾರ್ಹವಾಗಿದೆ.

ಪೋಲೀಸ್ ಕೆಲಸಕ್ಕೆ ಯಾವ ತೋಟಾ ತಕ್ಕುದೆಂಬ ಚರ್ಚೆಗೆ ಅಮೆರಿಕೆಯ ಒಂದು ಘಟನೆ ಪಾಠವಾಗಿದೆ. ೧೯೮೬ರ ಏಪ್ರಿಲ್ ೧೧ರಂದು ಮಯಾಮಿ ನಗರದ ಹತ್ತಿರ ಎಫ್.ಬಿ.ಐ. ಅಧಿಕಾರಿಗಳಿಗೂ ಇಬ್ಬರು ದರೋಡೆಕೋರರಿಗೂ ಕಾಳಗ ನಡೆಯಿತು. ಒಬ್ಬ ದರೋಡೆಕೋರನಿಗೆ ಮೊದಲಲ್ಲಿಯೇ ತಾಗಿದ ೯ ಎಂ.ಎಂ. ಗುಂಡು ತೋಳನ್ನು ದಾಟಿ ಎದೆಯನ್ನು ಹೊಕ್ಕರೂ ಹೃದಯವನ್ನು ಮುಟ್ಟದೆ ನಿಂತಿತು. ಅವನು ಗುಂಡು ಹಾರಿಸುತ್ತಲೇ ಇದ್ದನು. ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಆ ಮೇಲೆ ನಡೆದ ಪರೀಕ್ಷೆಗಳಲ್ಲಿ, ಪೋಲೀಸರ ಗುಂಡು ಮಾಂಸದಂಥ ಮೆತ್ತನೆಯ ಜೆಲಟಿನ್ ಗಡ್ಡೆಯಲ್ಲಿ ಕನಿಷ್ಠ ೧೨ ಇಂಚು, ಹೆಚ್ಚೆಂದರೆ ೧೮ ಇಂಚು ಇಳಿಯಬೇಕೆಂಬ ಅಳತೆ ಗೊತ್ತಾಯಿತು. ಆ ಸಂಸ್ಥೆಯು ಮೊದಲು ೧೦ ಎಂ.ಎಂ. ತೋಟಾಕ್ಕೆ ಹೋಯಿತು, ಆ ಬಳಿಕ .೪೦ಕ್ಕೆ ಬಂದಿತು, ಕೊನೆಗೆ ಸುಧಾರಿಸಿದ ೯ ಎಂ.ಎಂ. ತೋಟಾಕ್ಕೇ ಮರಳಿತು. ದೊಡ್ಡ ತೋಟಾಗಳ ಒದೆತದಿಂದ ಗುರಿ ತಪ್ಪುವುದು ಹೆಚ್ಚು ಎಂಬುದು ಅನುಭವದಿಂದ ತಿಳಿದುದೇ ಇದಕ್ಕೆ ಮುಖ್ಯ ಕಾರಣ. ಗುಂಡಿನ ಗಾತ್ರಕ್ಕಿಂತ ಗುರಿಯೇ ದೊಡ್ಡದು ಎಂಬುದನ್ನು ಕಲಿಯಲು ಅವರಿಗೆ ಸುಮಾರು ಮೂವತ್ತು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ೯ ಎಂ.ಎಂ. ಪಿಸ್ತೂಲನ್ನು ಬಂಗಾಲದ ಇಷಾಪುರದ ರೈಫಲ್ ಕಾರಖಾನೆಯು ತಯಾರಿಸುತ್ತ ಬಂದಿದೆ. ಇದು ಬ್ರೌನಿಂಗ್ ಮಾದರಿಯದು. ಮ್ಯಾಗಜೀನಿನಲ್ಲಿ ೧೩ ತೋಟಾಗಳು. ಪೋಲೀಸ್ ಅಧಿಕಾರಿಯು ತನ್ನ ಆಯುಧವನ್ನು ಅಂಗಡಿಯಲ್ಲಿ ಆರಿಸಿಕೊಳ್ಳುವುದಿಲ್ಲ, ಇಲಾಖೆಯೇ ಕೊಡುತ್ತದೆ. ಇದು ಸರಿಯೂ ಆಗಿದೆ. ಎಲ್ಲರಿಗೂ ಒಂದೇ ಆಯುಧವಿದ್ದರೆ ತರಬೇತಿ ಒಂದೇ, ತೋಟಾ ಒಂದೇ. ಆಪತ್ತಿನಲ್ಲಿ ಒಬ್ಬನ ಮ್ಯಾಗಜೀನು ಇನ್ನೊಬ್ಬನಿಗೆ ಒದಗುತ್ತದೆ. ಮೇಲಾಗಿ ಹಾರಿದ ಪ್ರತಿಯೊಂದು ಗುಂಡಿಗೂ ಲೆಕ್ಕ ಕೊಡಬೇಕಾಗುತ್ತದೆ.

ಸಾಮಾನ್ಯ ನಾಗರಿಕನ ಸ್ಥಿತಿ ಬೇರೆ. ೯ ಎಂ.ಎಂ. ಮೊದಲಾದವು ನಿಷೇಧಿತ ಅಳತೆಯವಾದುದರಿಂದ ಅವನಿಗೆ ಸಿಕ್ಕುವುದು ಬಹುತೇಕ .೩೨ ಇಲ್ಲವೆ .೨೨ ಮಾತ್ರ. ಕಾನಪುರದ ಕಾರಖಾನೆಯು ೨೦೧೪ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ .೩೨ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋದಷ್ಟು ಮಾತ್ರ. ಬೆಲೆ ಮಾತ್ರ ಆಗ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗೂ ಮಿಗಿಲಾಗಿತ್ತು. ಕೂಲಿಗೆ ಹೋಗುವ ನಮ್ಮ ಅವ್ವನಂಥವಳು ಇಂಥ ರಕ್ಷಣೆಯನ್ನು ಎಲ್ಲಿಂದ ಕೊಳ್ಳಬೇಕು?

ಲೈಸೆನ್ಸಿಗಾಗಿ ಜಿಲ್ಲಾಧಿಕಾರಿಗಳಲ್ಲಿ ಅರ್ಜಿ ಹಾಕಬೇಕು, ಪೋಲೀಸ್ ವಿಚಾರಣೆ ಆಗಬೇಕು, ಆಯುಧ ಯಾಕೆ ಬೇಕೆಂಬುದಕ್ಕೆ ಕಾರಣ ಹೇಳಬೇಕು. ವಯಸ್ಸು ೨೧ ತುಂಬಿರಬೇಕು. ೨೦೧೬ರ ಆಯುಧ ನಿಯಮಗಳ ಮೇರೆಗೆ ಸುರಕ್ಷತೆಯ ತರಬೇತಿಯೂ ಬೇಕು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವವನು ಅದನ್ನು ಹೋಲ್‌ಸ್ಟರಿನಲ್ಲಿಯೋ ಚೀಲದಲ್ಲಿಯೋ ಪೂರ್ತಿ ಮುಚ್ಚಿಟ್ಟು ಒಯ್ಯಬೇಕು, ಝಳಪಿಸುವಂತಿಲ್ಲ. ಆದುದರಿಂದ ಮರೆಯಲ್ಲಿ ಒಯ್ಯುವುದೆಂದರೆ ಕಳ್ಳತನದ ಒಯ್ಯಾಟವೆಂದು ತಿಳಿಯಬಾರದು. ನೋಡುವವರನ್ನು ಅಂಜಿಸದಿರುವ ಮರ್ಯಾದೆ ಅದು. ೨೦೧೯ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದವು. ಮದುವೆ, ಮೆರವಣಿಗೆಗಳಲ್ಲಿ ಹುಮ್ಮಸ್ಸಿಗೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೪ರಿಂದ ೪೪ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಇನ್ನು ನಮ್ಮ ಗಂಗಾವತಿ, ಆನೆಗೊಂದಿ ಕಡೆಯ ಗುಡ್ಡಗಳಲ್ಲಿ ಚಿರತೆ, ಕರಡಿಗಳ ಅಂಜಿಕೆಯಿದೆಯೆಂದು ಕೆಲವರು ಸೊಂಟದ ಪಿಸ್ತೂಲಿನ ಮಾತಾಡುತ್ತಾರೆ. ಅಂಥ ಪ್ರಾಣಿಯ ಎದುರಿಗೆ .೩೨ ಗುಂಡು ಗಾಯಮಾಡಿ ಕೆರಳಿಸುವುದೇ ಹೆಚ್ಚು. ಮೇಲಾಗಿ ಅವು ೧೯೭೨ರ ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಹೊತ್ತು ಮುಳುಗಿದ ಮೇಲೆ ಒಂಟಿಯಾಗಿ ಹೋಗದಿರುವುದು, ದೀಪ ಹಿಡಿದು ಸದ್ದು ಮಾಡುತ್ತ ನಾಲ್ವರು ಕೂಡಿ ಹೋಗುವುದು, ಅರಣ್ಯ ಇಲಾಖೆಗೆ ತಿಳಿಸುವುದು, ಇವೇ ಮೇಲು.

ಎನ್.ಸಿ.ಸಿ. ಶಿಬಿರದಲ್ಲಿ .೨೨ ರೈಫಲನ್ನು ನಾನು ಮೊದಲ ಸಲ ಮುಟ್ಟಿದಾಗ ಕೈ ನಡುಗಿತ್ತು. ನಮಗೆ ಅಂದು ಕಲಿಸಿದ ಸೂತ್ರಗಳು ನಾಲ್ಕೇ. ಪ್ರತಿಯೊಂದು ಬಂದೂಕೂ ತುಂಬಿದೆಯೆಂದೇ ತಿಳಿ. ಹೊಡೆಯಲಾಗದುದರ ಕಡೆಗೆ ನಳಿಗೆಯನ್ನು ತಿರುಗಿಸಬೇಡ. ಗುರಿ ಕೂಡುವವರೆಗೆ ಟ್ರಿಗರಿನ ಮೇಲೆ ಬೆರಳಿಡಬೇಡ. ಗುರಿಯ ಹಿಂದೆ ಏನಿದೆಯೆಂಬುದನ್ನು ನೋಡು. ಈ ನಾಲ್ಕರಲ್ಲಿ ಯಾವುದೊಂದನ್ನು ಆ ಯಜಮಾನರು ಪಾಲಿಸಿದ್ದರೂ ಕಾಕಾನ ಕೈ ಉಳಿಯುತ್ತಿತ್ತು. ಅಂದು ಜಾರಿಯಲ್ಲಿದ್ದ ದಂಡ ಸಂಹಿತೆಯ ೩೩೮ನೆಯ ಕಲಮಿನಂತೆ ಅಜಾಗರೂಕತೆಯಿಂದ ತೀವ್ರ ಗಾಯ ಮಾಡುವುದು ಅಪರಾಧವೇ ಆಗಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬಂದೂಕಿಗಿಂತ ಆ ಹೆಬ್ಬೆಟ್ಟಿನ ಕಾಗದವೇ ನಮ್ಮನ್ನು ಹೆಚ್ಚು ಗಾಯಗೊಳಿಸಿತೆಂದು ಆಗ ತಿಳಿಯಿತು.

ನಾನು ಕಂಡುಕೊಂಡುದನ್ನು ಹೀಗೆ ಸಂಗ್ರಹಿಸಬಹುದು. ಪೋಲೀಸನಿಗೆ ಇಲಾಖೆ ಕೊಟ್ಟ ೯ ಎಂ.ಎಂ. ಪಿಸ್ತೂಲೂ ತಪ್ಪದ ಅಭ್ಯಾಸವೂ ಬೇಕು. ನಿಜವಾದ ಪ್ರಾಣಭಯವುಳ್ಳ ನಾಗರಿಕನಿಗೆ, ಅವನ ಕೈಗೆ ಹೊಂದುವ .೩೨ ರಿವಾಲ್ವರು ಸಾಕು. ಮಿಕ್ಕ ನಮ್ಮಂಥವರಿಗೆ ಕಾಯಿದೆಯ ತಿಳಿವಳಿಕೆ, ನೆರೆಹೊರೆ, ಕರೆದಾಗ ಬರುವ ಪೋಲೀಸ್ ಠಾಣೆ, ಇವೇ ಆಯುಧ. ಬಡವನ ಸೊಂಟದಲ್ಲಿ ಪಿಸ್ತೂಲು ಇಲ್ಲದಿದ್ದರೂ ನಡೆದೀತು. ಬಡವನ ದೂರನ್ನು ಬರೆದುಕೊಳ್ಳುವ ಪೋಲೀಸ್ ಅಧಿಕಾರಿ ಇಲ್ಲದಿದ್ದರೆ ನಡೆಯದು.

ನನಗಿನ್ನೂ ೨೧ ತುಂಬಿಲ್ಲ. ತುಂಬಿದೊಡನೆ ಪರೀಕ್ಷೆಗೆ ಅರ್ಜಿ ಹಾಕುವವನಿದ್ದೇನೆ. "ಬಂದೂಕಿನ ನೌಕರಿ ನಮಗ ಬ್ಯಾಡಪಾ, ಮಾಸ್ತರ ಆಗು" ಎಂದು ಅಪ್ಪ ಈಗಲೂ ಹೇಳುತ್ತಾನೆ. ಕಾಕಾ ಮಾತ್ರ ಹಾಗೆನ್ನಲಿಲ್ಲ. ಈ ದೀಪಾವಳಿಯಲ್ಲಿ ಊರಿಗೆ ಹೋದಾಗ ಅವನಿಗೆ ಈ ಲೇಖನವನ್ನು ಓದಿ ಹೇಳಿದೆ. ಸುಮ್ಮನೆ ಕೇಳಿ, ಎಡಗೈಯನ್ನು ಎತ್ತಿ ಹಿಡಿದು ಅವನೆಂದನು: "ನೀ ಹೋಗು. ಆದ್ರ ಬಂದೂಕು ಖಾಲಿ ಐತಿ ಅನ್ನೂಕಿಂತ ಮೊದ್ಲ ಮೂರು ಸಲ ನೋಡು. ಎಣಿಸಾಕ ನನ್ನ ಬೆರಳ ಸಾಕು. ಮತ್ತ ಯಾರರ ಹೆಬ್ಬೆಟ್ಟು ಒತ್ತಾಕ ಬಂದ್ರ, ಕಾಗದ ಓದಿ ಹೇಳಿ ಒತ್ತಿಸ್ಕೊ."