ಹೊಂಡ ತೋಡಿದ ಮೇಲೆ ಮಾಡೋ ಕೆಲಸ

ಕೃಷಿ ಹೊಂಡ ತೋಡಿಸೋದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲಂತೂ ಬಯಲುಸೀಮೆಯ ಊರೂರಲ್ಲಿ ಹೊಂಡಗಳಾದವು. ತೋಡಿದ ಹೊಂಡವನ್ನು ಹತ್ತು ವರ್ಷ ಉಳಿಸಿಕೊಳ್ಳೋದು ಹೇಗೆ ಅಂತ ಹೇಳುವವರು ಮಾತ್ರ ಕಡಿಮೆ. ಜೆಸಿಬಿ ಹೋದ ದಿನವೇ ಕೆಲಸ ಮುಗೀತು ಅಂತ ನಾವು ಕೈ ತೊಳೆದುಕೊಳ್ತೀವಿ. ಮೂರು ವರ್ಷ ಕಳೆದ ಮೇಲೆ ನೋಡಿದರೆ ತಳದಲ್ಲಿ ಹೂಳು, ಹಾಳೆಯಲ್ಲಿ ತೂತು, ಮೇಲೆ ಹಸಿರು ಪಾಚಿ, ಸುತ್ತ ಬೇಲಿ ಇಲ್ಲ.

ಪಟ್ಟಣದಲ್ಲಿ ಮನೆಗೆ ಈಜುಕೊಳ ಕಟ್ಟಿಸಿದವರು ಅದಕ್ಕೆ ಸೋಸುವ ಯಂತ್ರ, ಔಷಧಿ, ಮುಚ್ಚಲು ಹೊದಿಕೆ ಎಲ್ಲಾ ಇಟ್ಟಿರ್ತಾರೆ. ಆ ನೀರು ಆಟಕ್ಕೆ. ನಮ್ಮ ಹೊಂಡದ ನೀರು ಬೆಳೆಯ ಜೀವಕ್ಕೆ. ಹಾಗಾಗಿ ನಮ್ಮ ಹೊಂಡಕ್ಕೂ ವರ್ಷಪೂರ್ತಿ ಆರೈಕೆ ಬೇಕು. ಖರ್ಚು ಹೆಚ್ಚಿಲ್ಲ, ಗಮನ ಬೇಕು ಅಷ್ಟೇ.

ಮೊದಲು ಲೆಕ್ಕ

ನಿಮ್ಮ ಹೊಂಡದಲ್ಲಿ ಎಷ್ಟು ನೀರು ಹಿಡಿಯುತ್ತೆ ಅನ್ನೋದು ಗೊತ್ತಿರಬೇಕು. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತಗೊಳ್ಳಿ. ಗೋಡೆ ಇಳಿಜಾರಾಗಿ ಇರೋದರಿಂದ ತಳ 6 ಮೀಟರ್‌ಗೆ 6 ಮೀಟರ್ ಮಾತ್ರ. 12, 12, 3 ಗುಣಿಸಿ 4 ಲಕ್ಷ ಲೀಟರ್ ಮೇಲೆ ಅಂತ ಹೇಳಿದರೆ ತಪ್ಪು. ನಿಜವಾಗಿ ಹಿಡಿಯೋದು ಸುಮಾರು 2.5 ಲಕ್ಷ ಲೀಟರ್.

ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಅಂದರೆ ಈ ಹೊಂಡ ತುಂಬಿದರೆ ಎರಡೂವರೆ ಎಕರೆಗೆ ಒಂದು ಸಲ ಒಂದೊಂದು ಇಂಚು ನೀರು. ಶೇಂಗಾ ಊಡು ಇಳಿಸುವಾಗ, ರಾಗಿ ತೆನೆ ಕಟ್ಟುವಾಗ ಹದಿನೈದು ದಿನ ಮಳೆ ಕೈಕೊಟ್ಟರೆ ಈ ಒಂದು ಇಂಚೇ ಬೆಳೆ ಉಳಿಸೋದು. ಹೊಂಡದ ಒಂದೊಂದು ಸಾವಿರ ಲೀಟರಿಗೂ ಬೆಲೆ ಇದೆ ಅನ್ನೋದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಹೂಳು

ಹೊಲದಿಂದ ಹರಿದು ಬರೋ ನೀರು ಬರಿಗೈಯಲ್ಲಿ ಬರೋದಿಲ್ಲ, ಮಣ್ಣು ತರುತ್ತೆ. ಆ ಮಣ್ಣನ್ನು ಹೊಂಡದ ಹೊರಗೇ ತಡೀಬೇಕು. ನೀರು ಒಳಗೆ ಬರೋ ಬಾಯಿಗಿಂತ ಮುಂಚೆ 6 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಹೂಳುಗುಂಡಿ ತೆಗೀರಿ. ನೀರು ಇಲ್ಲಿ ನಿಧಾನ ಆಗಿ ಮಣ್ಣನ್ನು ಕೆಳಗೆ ಬಿಡುತ್ತೆ. ಎರಡು ಮೂರು ದೊಡ್ಡ ಮಳೆ ಆದ ಮೇಲೆ ಈ ಗುಂಡಿ ತುಂಬಿರುತ್ತೆ, ಎತ್ತಿ ಹಾಕಬೇಕು. ತುಂಬಿದ ಗುಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಂಡಿಯಿಂದ ಹೊಂಡಕ್ಕೆ ಇಳಿಯೋ ಜಾಗಕ್ಕೆ ಕಲ್ಲು ಹಾಸಿ ಅಥವಾ ಪೈಪು ಇಡಿ. ಬದುವಿಗೆ ಲಾವಂಚ, ಸ್ಟೈಲೋ, ಯಾವುದಾದರೂ ಹುಲ್ಲು ಹಚ್ಚಿದರೆ ಮಣ್ಣು ಅಲ್ಲೇ ನಿಲ್ಲುತ್ತೆ, ದನಕ್ಕೆ ಮೇವೂ ಆಗುತ್ತೆ.

ಇಷ್ಟಾದರೂ ಒಂದಿಷ್ಟು ಹೂಳು ಒಳಗೆ ಹೋಗೇ ಹೋಗುತ್ತೆ. ಮೇಲೆ ಹೇಳಿದ ಹೊಂಡದ ತಳದಲ್ಲಿ ಅರ್ಧ ಅಡಿ ಹೂಳು ಕೂತರೆ 5,000 ಲೀಟರ್ ನೀರಿನ ಜಾಗ ಹೋಯ್ತು. ಯುಗಾದಿ ಆದ ಮೇಲೆ, ನೀರು ತಳಕ್ಕೆ ಬಂದಾಗ ತೆಗೀರಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಸಲಿಕೆ, ಗುದ್ದಲಿ ಇಳಿಸಲೇಬಾರದು. ಬರಿಗಾಲಲ್ಲಿ ಇಳಿದು ಪೊರಕೆಯಲ್ಲಿ ಒಂದು ಕಡೆ ಗೂಡಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುಂಬಿ ಮೇಲೆ ಕೊಡಬೇಕು. ಈ ಹೂಳು ನಮ್ಮ ಹೊಲದ ಮೇಲ್ಮಣ್ಣೇ. ವಾಪಸ್ ಹೊಲಕ್ಕೇ ಹರಡಿ.

ಸೋರಿಕೆಯೋ ಬಿಸಿಲೋ?

ಎರೆ ಮಣ್ಣಿನಲ್ಲಿ ಹಾಳೆ ಇಲ್ಲದೆಯೂ ನೀರು ನಿಲ್ಲುತ್ತೆ. ಕೆಂಪು ಮಣ್ಣು, ಗರಸು ಮಣ್ಣಿನಲ್ಲಿ ಹಾಳೆ ಬೇಕೇ ಬೇಕು. ಸಾಮಾನ್ಯವಾಗಿ ಹಾಕೋದು 500 ಮೈಕ್ರಾನ್ ದಪ್ಪದ ಹಾಳೆ. ನೀರು ಬೇಗ ಇಳಿಯೋಕೆ ಶುರುವಾದರೆ ಹಾಳೆ ತೂತಾಯ್ತು ಅಂತ ಒಬ್ಬರು, ಬಿಸಿಲಿಗೆ ಆರಿತು ಅಂತ ಇನ್ನೊಬ್ಬರು. ಜಗಳ ಬೇಡ, ಒಂದು ಬಕೆಟ್ ಸಾಕು. ಈಜುಕೊಳದವರು ಮಾಡೋ ಪರೀಕ್ಷೆಯೇ ಇದು.

ಬಕೆಟ್ಟಿಗೆ ಹೊಂಡದ ನೀರನ್ನೇ ತುಂಬಿ, ಹೊಂಡದ ಅಂಚಿನಲ್ಲಿ ಅರ್ಧದ ಮೇಲೆ ಮುಳುಗಿರುವಂತೆ ನಿಲ್ಲಿಸಿ. ಅಲುಗಾಡದಂತೆ ಒಳಗೆ ಒಂದು ನುಣುಪು ಕಲ್ಲಿಟ್ಟು, ಹಿಡಿಗೆ ಹಗ್ಗ ಕಟ್ಟಿ. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೆ ಒಂದು ಗುರುತು, ಹೊರಗೆ ಹೊಂಡದ ನೀರಿನ ಮಟ್ಟಕ್ಕೆ ಒಂದು ಗುರುತು ಮಾಡಿ. ಮೂರು ದಿನ ಪಂಪು ಹಾಕಬೇಡಿ. ಮಳೆ ಬಂದರೆ ಮತ್ತೆ ಮೊದಲಿಂದ ಮಾಡಿ. ಮೂರು ದಿನ ಆದ ಮೇಲೆ ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲಿನ ಕೆಲಸ. ಹೊಂಡ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ.

ಸೋರಿಕೆ ಇದ್ದರೆ ನೀರು ಯಾವ ಮಟ್ಟಕ್ಕೆ ಬಂದು ಇಳಿಯೋದು ನಿಧಾನ ಆಗುತ್ತೋ ನೋಡ್ತಾ ಇರಿ. ತೂತು ಆ ಮಟ್ಟದಲ್ಲೇ, ಇಲ್ಲಾ ಅದರ ಸ್ವಲ್ಪ ಮೇಲೆ ಇರುತ್ತೆ. ಸುತ್ತಲೂ ಅಷ್ಟು ಮಾತ್ರ ಹುಡುಕಿದರೆ ಸಾಕು. ಇಲಿ, ಹೆಗ್ಗಣ ಕಡಿದದ್ದು, ನಾಯಿ ಉಗುರು, ಮೇಕೆ ಗೊರಸು, ಕಲ್ಲಿನ ಮೊನೆ, ಹೆಚ್ಚು ಕಡಿಮೆ ಕಾರಣ ಇವೇ. ಸೈಕಲ್ ಪಂಕ್ಚರ್ ಹಾಕೋ ಸಲ್ಯೂಷನ್ ಈ ಹಾಳೆಗೆ ಕಚ್ಚೋದಿಲ್ಲ. ಅದೇ ಜಾತಿ ಹಾಳೆಯ ತುಂಡನ್ನು ಬಿಸಿಗಾಳಿ ಯಂತ್ರದಲ್ಲಿ ಬೆಸೆಯಬೇಕು. ಹಾಳೆ ಹಾಕುವವರ ಹತ್ತಿರ ಈ ಯಂತ್ರ ಇರುತ್ತೆ. ಹತ್ತಿರದ ನಾಲ್ಕಾರು ಹೊಂಡದವರು ಸೇರಿ ಒಂದೇ ದಿನ ಕರೆಸಿದರೆ ಬಂದು ಹೋಗೋ ಖರ್ಚು ಹಂಚಿಹೋಗುತ್ತೆ.

ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಒಣಗಿಸಬೇಡಿ. ತಳದಲ್ಲಿ ಒಂದಡಿ ನೀರಾದರೂ ಇರಲಿ. ಬರಿದಾದ ಹಾಳೆಯನ್ನು ಗಾಳಿ ಎತ್ತಿ ಬಡಿಯುತ್ತೆ, ಬಿಸಿಲು ಸುಡುತ್ತೆ. ಹೂಳು ತೆಗೆಯೋ ಒಂದೆರಡು ದಿನ ಬಿಟ್ಟರೆ ಉಳಿದಂತೆ ನೀರಿನ ಭಾರ ಅದರ ಮೇಲೆ ಇರಲಿ. ಏರಿಯ ಮೇಲೆ ಒಂದಡಿ ಕಾಲುವೆ ತೆಗೆದು ಹಾಳೆಯ ಅಂಚು ಹೂತಿರೋ ಜಾಗದಲ್ಲಿ ಮಣ್ಣು ಕೊಚ್ಚಿಹೋಗಿದ್ದರೆ ಮತ್ತೆ ತುಂಬಿ. ಕೋಡಿ ಏರಿಗಿಂತ ಒಂದಡಿ ಕೆಳಗೇ ಇರಬೇಕು. ಹೆಚ್ಚು ನೀರು ನಿಲ್ಲಲಿ ಅಂತ ಕೋಡಿಗೆ ಕಲ್ಲು ಅಡ್ಡ ಇಟ್ಟರೆ ನೀರು ಏರಿ ಹತ್ತಿ ಹರಿದು ಏರಿಯನ್ನೇ ಕಿತ್ತುಕೊಂಡು ಹೋಗುತ್ತೆ.

ಬಿಸಿಲಿಗೆ ಹೊದಿಕೆ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಆವಿ ಆಗುತ್ತೆ ಅಂತ ಹಿಡಿಯೋಣ. 12ಕ್ಕೆ 12 ಅಂದರೆ 144 ಚದರ ಮೀಟರ್. ತುಂಬಿದ ಹೊಂಡದಿಂದ ದಿನಕ್ಕೆ 1,000 ಲೀಟರ್ ಆಕಾಶಕ್ಕೆ ಹೋಯ್ತು. ಹೀಗೇ 90 ದಿನ ಹೋದರೆ ನೀರು ಎರಡಡಿ ಇಳಿಯುತ್ತೆ. ಇಳಿದಂತೆ ಹರವು ಕಡಿಮೆ ಆಗೋದನ್ನು ಲೆಕ್ಕ ಹಾಕಿದರೂ 80,000 ಲೀಟರ್ ಆಗುತ್ತೆ. ಹೊಂಡದ ಮೂರರಲ್ಲಿ ಒಂದು ಪಾಲು ಯಾವ ಬೆಳೆಗೂ ಆಗದೆ ಹೋಯ್ತು.

ಇದಕ್ಕೆ ಉಪಾಯ ನೆರಳು. ಮೂಲೆಗೆ ಕಂಬ ನೆಟ್ಟು, ಜಿಐ ತಂತಿ ಎಳೆದು ನೆರಳು ಬಲೆ ಹೊದಿಸಬಹುದು. ಬಲೆ ದಟ್ಟವಾದಷ್ಟೂ ಉಳಿತಾಯ ಹೆಚ್ಚು. ಅರ್ಧ ಉಳಿದರೂ 40,000 ಲೀಟರ್ ಸಿಕ್ಕಿತು. ಬಲೆಗೆ ದುಡ್ಡಿಲ್ಲದವರು ಅದೇ ತಂತಿಯ ಮೇಲೆ ಹೀರೆ, ಸೋರೆ, ಹಾಗಲ, ಚಪ್ಪರದವರೆ ಹಬ್ಬಿಸಬಹುದು. ಬುಡ ಏರಿಯ ಹೊರಮಗ್ಗುಲಲ್ಲಿರಲಿ. ಉದುರಿದ ಎಲೆಯನ್ನು ವಾರಕ್ಕೊಂದು ಸಲ ಬಲೆಯಲ್ಲಿ ತೆಗೀಬೇಕು, ಇಲ್ಲದಿದ್ದರೆ ಕೊಳೆತು ನೀರು ನಾರುತ್ತೆ. ಗಾಳಿಯೂ ನೀರು ಹೀರುತ್ತೆ. ಗಾಳಿ ಬೀಸೋ ಕಡೆ ಗೊಬ್ಬರದ ಗಿಡ ಸಾಲಾಗಿ ಹಚ್ಚಿ. ಆದರೆ ಏರಿಯಿಂದ ದೂರ ಇರಲಿ, ಬೇರು ಹಾಳೆಗೆ ಬರಬಾರದು.

ಒಂದು ಎಚ್ಚರ. ಹೊದಿಕೆಯನ್ನು ಬೇಲಿ ಅಂತ ತಿಳೀಬೇಡಿ. ಬಲೆ ಮಗುವಿನ ಭಾರ ಹೊರೋದಿಲ್ಲ. ಬಿದ್ದವರನ್ನು ಸುತ್ತಿಕೊಂಡು ಇನ್ನೂ ಮುಳುಗಿಸುತ್ತೆ.

ಪಾಚಿ, ಕೆಸರು, ಸೊಳ್ಳೆ

ಪಾಚಿಗೆ ಬೇಕಾದ್ದು ಎರಡು, ಬಿಸಿಲು ಮತ್ತು ಗೊಬ್ಬರದ ಸಾರ. ಹೊದಿಕೆ ಹಾಕಿದರೆ ಬಿಸಿಲು ತಪ್ಪಿತು. ತಿಪ್ಪೆ ನೀರು, ಕೊಟ್ಟಿಗೆ ನೀರು ಹೊಂಡಕ್ಕೆ ಬರದಂತೆ ಮಾಡಿದರೆ ಸಾರ ತಪ್ಪಿತು. ಔಷಧಿ ಹಾಕೋಕೆ ಮುಂಚೆ ಈ ಎರಡನ್ನು ಮಾಡಿ. ಎಳೆ ಪಾಚಿ ಬಂದರೆ ಹಗ್ಗಕ್ಕೆ ಗೋಣಿ ಕಟ್ಟಿ ಇಬ್ಬರು ಎರಡು ದಡದಲ್ಲಿ ಹಿಡಿದು ಎಳೆದರೆ ಒಂದು ಮೂಲೆಗೆ ಬರುತ್ತೆ. ತೆಗೆದು ತಿಪ್ಪೆಗೆ ಹಾಕಿ.

ಮೈಲುತುತ್ತ ಹಾಕಿದರೆ ಪಾಚಿ ಸಾಯುತ್ತೆ, ಮೀನೂ ಸಾಯುತ್ತೆ. ಕುರಿಗೆ ತಾಮ್ರದ ಅಂಶ ಬೇಗ ವಿಷ ಆಗುತ್ತೆ. ಕುರಿ ನೀರು ಕುಡಿಯೋ ಹೊಂಡಕ್ಕೆ ಅದು ಬೇಡ. ಬ್ಲೀಚಿಂಗ್ ಪೌಡರ್ ಕೂಡ ಮೀನಿಗೆ ಆಗದು. ಕೆಸರು ನೀರಿಗೆ ಹಾಕಿದರೆ ಅದರ ಶಕ್ತಿ ಕೆಸರಿಗೇ ಖರ್ಚಾಗುತ್ತೆ. ಇನ್ನೊಂದು ಮಾತು. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಅದು ವಿಷದ ಪಾಚಿ ಆಗಿರಬಹುದು. ಅದು ಹೋಗೋವರೆಗೆ ದನ, ಕುರಿ, ನಾಯಿಗೆ ಆ ನೀರು ಕುಡಿಸಬೇಡಿ.

ಹನಿ ನೀರಾವರಿ ಇದ್ದವರಿಗೆ ಕೆಸರಿನ ಕಾಟ ಹೆಚ್ಚು. ಫುಟ್‌ವಾಲ್ವನ್ನು ತಳದಲ್ಲಿ ಬಿಡಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಕಟ್ಟಿ, ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೆ ತೇಲಿಬಿಡಿ. ತಳದ ಕೆಸರೂ ಬರಲ್ಲ, ಮೇಲಿನ ಪಾಚಿಯೂ ಬರಲ್ಲ. ಫಿಲ್ಟರನ್ನು ನೀರು ಬಿಟ್ಟ ದಿನವೇ ತೊಳೀರಿ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟರೆ ಮರಿಗಳನ್ನು ತಿನ್ನುತ್ತೆ. ಆರೋಗ್ಯ ಇಲಾಖೆಯಲ್ಲಿ ಕೇಳಿ ನೋಡಿ. ಔಷಧಿ ಹೊಡೆದ ಸ್ಪ್ರೇಯರನ್ನು ಮಾತ್ರ ಹೊಂಡದ ಹತ್ತಿರ ತೊಳೆಯಲೇಬೇಡಿ.

ಎಲ್ಲಕ್ಕಿಂತ ದೊಡ್ಡ ಕೆಲಸ

ಬೇಸಿಗೆ ರಜೆ ಬಂದರೆ ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ಪೇಪರಿನಲ್ಲಿ ಬರುತ್ತೆ. ಈಜು ಬರೋ ಗಂಡಾಳುಗಳೂ ಸಾಯ್ತಾರೆ. ಕಾರಣ ಆಳ ಒಂದೇ ಅಲ್ಲ. ಬಾವಿಯಲ್ಲಿ ಮೆಟ್ಟಿಲಿರುತ್ತೆ, ಕಲ್ಲು ಸಂದಿ ಇರುತ್ತೆ, ಕೆರೆಗೆ ದಡ ಇರುತ್ತೆ. ಹಾಳೆ ಹಾಸಿದ ಹೊಂಡದಲ್ಲಿ ಹಿಡಿಯೋಕೆ ಏನೂ ಇಲ್ಲ. ಪಾಚಿ ಹಿಡಿದ ಹಾಳೆ ಎಣ್ಣೆ ಸವರಿದ ಹಾಗೆ ಜಾರುತ್ತೆ. ಒಂದು ಹೆಜ್ಜೆ ಹತ್ತಿದರೆ ಎರಡು ಹೆಜ್ಜೆ ಕೆಳಗೆ. ಉಳಿಸಲು ಇಳಿದವರೂ ಹಾಗೇ ಹೋಗ್ತಾರೆ.

ಇದಕ್ಕೆ ಮಾಡಬೇಕಾದ್ದು ಇಷ್ಟು:

1. ಸುತ್ತ 5 ಅಡಿ ಎತ್ತರದ ಬೇಲಿ, ಬೀಗ ಹಾಕೋ ಗೇಟು. ತಂತಿ ಬೇಲಿ ಆಗದಿದ್ದರೆ ಮುಳ್ಳು ಬೇಲಿಯಾದರೂ ಒತ್ತಾಗಿರಲಿ. ಹೊಂಡದ ಯೋಜನೆಯಲ್ಲಿ ಬೇಲಿಗೂ ಸಹಾಯಧನ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

2. ನಾಲ್ಕೂ ಮಗ್ಗುಲಲ್ಲಿ ಗಟ್ಟಿ ಗೂಟ ಹೊಡೆದು, ಮಾರಿಗೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ತಳದವರೆಗೆ ಇಳಿಬಿಡಿ. ಒಂದು ಕಡೆ ಹಳೇ ಟೈರುಗಳನ್ನು ಹಗ್ಗದಲ್ಲಿ ಕೋದು ಏಣಿ ಹಾಗೆ ಬಿಟ್ಟರೆ ಇನ್ನೂ ಒಳ್ಳೇದು. ಟೈರಿನಲ್ಲಿ ತಂತಿ ಹೊರಗೆ ಬಂದಿರಬಾರದು. ಹಗ್ಗ ಬಿಸಿಲಿಗೆ ಹಣ್ಣಾಗುತ್ತೆ, ವರ್ಷ ವರ್ಷ ಎಳೆದು ನೋಡಿ ಬದಲಾಯಿಸಿ.

3. ಏರಿಯ ಮೇಲೆ ಉದ್ದದ ಬಿದಿರು ಗಳ, ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನಿಗೆ ಕಟ್ಟಿದ ಹಗ್ಗ ಸದಾ ಇರಲಿ. ಯಾರಾದರೂ ಬಿದ್ದರೆ ನೀವು ಹಾರಬೇಡಿ. ಕ್ಯಾನು ಎಸೀರಿ, ಗಳ ಚಾಚಿ, ಕೂಗಿ ಜನ ಸೇರಿಸಿ.

4. ಮೇಲೆತ್ತಿದವರನ್ನು ತಲೆಕೆಳಗೆ ಮಾಡಿ ತಿರುಗಿಸೋದು, ಹೊಟ್ಟೆ ಅದುಮೋದು ಮಾಡಬೇಡಿ. ಅದರಲ್ಲಿ ಹೊತ್ತು ಹೋಗುತ್ತೆ. ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡಿ, ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರ ಆದರೂ ಆಸ್ಪತ್ರೆಗೆ ಕರಕೊಂಡು ಹೋಗಲೇಬೇಕು.

5. ಮನೆ ಮಕ್ಕಳಿಗೆ, ಕೂಲಿಗೆ ಬರುವವರ ಮಕ್ಕಳಿಗೆ, ಕುರಿ ಕಾಯೋ ಹುಡುಗರಿಗೆ ಬಾಯಿಬಿಟ್ಟು ಹೇಳಿ. ಕೈಕಾಲು ತೊಳೆಯೋಕೆ, ನೀರು ಕುಡಿಯೋಕೆ ಬೇಲಿ ಹೊರಗೆ ಒಂದು ತೊಟ್ಟಿ ತುಂಬಿಸಿಡಿ. ನೀರು ಹೊರಗೇ ಸಿಕ್ಕರೆ ಯಾರೂ ಒಳಗೆ ಬಗ್ಗಲ್ಲ.

ಮಳೆ ಲೆಕ್ಕದಲ್ಲಿ ಕೆಲಸ

ಭರಣಿ ಮಳೆಗೆ ಮುಂಚೆ: ಹೂಳು ತೆಗೆಯೋದು, ಹಾಳೆಗೆ ತೇಪೆ, ಏರಿ ಇಲಿ ಬಿಲ ಮುಚ್ಚೋದು.
ರೋಹಿಣಿ ಹೊತ್ತಿಗೆ: ಹೂಳುಗುಂಡಿ, ಕಾಲುವೆ, ಕೋಡಿ ಸಾಪು ಮಾಡೋದು.
ಹಸ್ತ, ಚಿತ್ತೆಯಲ್ಲಿ: ಪ್ರತಿ ದೊಡ್ಡ ಮಳೆ ಆದ ಮೇಲೆ ಒಂದು ಸುತ್ತು ನೋಡಿ ಬರೋದು, ತುಂಬಿದ ಮೇಲೆ ಬಕೆಟ್ ಪರೀಕ್ಷೆ.
ಸಂಕ್ರಾಂತಿ ಹೊತ್ತಿಗೆ: ನೆರಳು ಹೊದಿಕೆ ಬಿಗಿಯೋದು. ಹಬ್ಬಿಸೋ ಬಳ್ಳಿಯಾದರೆ ಎರಡು ತಿಂಗಳು ಮುಂಚೆ ಬೀಜ ಹಾಕಬೇಕು.
ಶಾಲೆ ಪರೀಕ್ಷೆ ಮುಗಿಯೋಕೆ ಮುಂಚೆ: ಬೇಲಿ, ಗೇಟು, ಹಗ್ಗ, ಗಳ, ಕ್ಯಾನು ಸರಿ ಇದೆಯಾ ನೋಡೋದು.

ಎಲ್ಲಾ ಸೇರಿದರೂ ವರ್ಷಕ್ಕೆ ಎಂಟು ಹತ್ತು ಆಳಿನ ಕೆಲಸ. ಈ ಪುಟ ಓದಿ ಮುಗಿಸಿದವರು ಹೊಲಕ್ಕೆ ಹೋದಾಗ ಮೊದಲು ಹಗ್ಗ ಮತ್ತು ಗೇಟು ನೋಡಿ. ಹೂಳು, ಪಾಚಿ ಒಂದು ವಾರ ಕಾಯುತ್ತೆ. ಅದು ಕಾಯೋದಿಲ್ಲ.