ಬಾನುಲಿಯ ಅಲೆ, ಬಾನಿನ ಕಂಬ

ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ, ಮೂಡಬಿದಿರೆ ಇನ್ನು ಕೆಲವೇ ಕಿಲೋಮೀಟರುಗಳಿರುವಾಗ, ತೋಡಾರು ಎಂಬ ಗ್ರಾಮವು ಸಿಗುತ್ತದೆ. ಗುಡ್ಡ, ತಗ್ಗು, ಅಡಕೆಯ ತೋಟ, ಬೈಲುಗದ್ದೆ ಇವು ತುಳುನಾಡಿನ ಒಳಭಾಗದ ಊರುಗಳಿಗೆಲ್ಲ ಸಾಮಾನ್ಯವಾದ ಲಕ್ಷಣಗಳು. ಇಂಥ ಊರಿನಲ್ಲಿ ಆಟಿ ತಿಂಗಳ ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ಪಡುವಣದಿಂದ ಮೋಡ ಕವಿದು ಮಳೆಯು ಧೋ ಎಂದು ಸುರಿಯತೊಡಗುತ್ತದೆ. ಮನೆಯ ಟೆಲಿವಿಷನ್ನಿನ ಚಿತ್ರವು ತುಂಡುತುಂಡಾಗಿ, ಕೊನೆಗೆ ಮಾಯವಾಗುತ್ತದೆ. ಆದರೆ ಅಟ್ಟದ ಮೇಲಿನ ಹಳೆಯ ಟ್ರಾನ್ಸಿಸ್ಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ವಾರ್ತೆಯನ್ನು ಓದುತ್ತಲೇ ಇರುತ್ತದೆ. ಯಂತ್ರ ಕೆಟ್ಟಿತೆಂದು ಮನೆಯ ಹಿರಿಯರು ಹೇಳುತ್ತಾರೆ. ಡಿಶ್ ತಿರುಗಿತೆಂದು ಹುಡುಗನೊಬ್ಬ ಜಾರುವ ಮಾಡನ್ನು ಹತ್ತಲು ಹೊರಡುತ್ತಾನೆ. ಅರ್ಧ ಗಂಟೆಯಲ್ಲಿ ಮಳೆ ತಗ್ಗಿದೊಡನೆ ಚಿತ್ರವು ತಾನಾಗಿಯೇ ಮರಳುತ್ತದೆ. ಕೆಟ್ಟದ್ದು ಯಂತ್ರವೂ ಅಲ್ಲ, ತಿರುಗಿದ್ದು ಡಿಶ್ಶೂ ಅಲ್ಲ.

ಎರಡು ಪೆಟ್ಟಿಗೆಗಳಿಗೂ ಸುದ್ದಿಯನ್ನು ತರುವುದು ರೇಡಿಯೋ ತರಂಗವೇ. ಹಾಗಿರುವಲ್ಲಿ ಒಂದನ್ನು ಮಳೆಯು ತಡೆಯುವುದೇಕೆ, ಇನ್ನೊಂದನ್ನು ಬಿಡುವುದೇಕೆ? ಈ ಒಂದು ಪ್ರಶ್ನೆಯ ಬೆನ್ನು ಹಿಡಿದು ಹೋದರೆ ನಿಸ್ತಂತು ವಾರ್ತೆಯ ಮೂಲತತ್ತ್ವಗಳೆಲ್ಲವೂ ನಮ್ಮ ಕೈಸೇರುತ್ತವೆ.

ಕೆರೆಯ ನೀರಿನಲ್ಲಿ ಒಂದು ಕೋಲನ್ನು ಮೇಲೆಕೆಳಗೆ ಆಡಿಸಿದರೆ ಅಲೆಗಳೆದ್ದು ಸುತ್ತಲೂ ಹರಡುತ್ತವೆ. ಲೋಹದ ಕಂಬವೊಂದರಲ್ಲಿ ವಿದ್ಯುತ್ತನ್ನು ಅತಿ ವೇಗವಾಗಿ ಮೇಲೆಕೆಳಗೆ ಹರಿಯಿಸಿದರೂ ಅದೇ ರೀತಿ ಅಲೆಗಳು ಹೊರಡುತ್ತವೆ. ಇವಕ್ಕೆ ನೀರಾಗಲಿ ಗಾಳಿಯಾಗಲಿ ಬೇಕಿಲ್ಲ; ಬರಿಯ ಶೂನ್ಯದಲ್ಲಿಯೂ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತವೆ. ಬೆಳಕೂ ಇದೇ ಜಾತಿಯ ಅಲೆಯೆಂದು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯು ೧೮೬೦ರ ದಶಕದಲ್ಲಿ ಗಣಿತದಿಂದಲೇ ತರ್ಕಿಸಿದನು. ೧೮೮೭–೮೮ರಲ್ಲಿ ಹರ್ಟ್ಸ್ ಎಂಬಾತನು ಅಂಥ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ತೋರಿಸಿದನು. ನಮ್ಮ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಅವನ್ನು ಗೋಡೆಯ ಆಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿದರು.

ಸೆಕೆಂಡಿಗೆ ಎಷ್ಟು ಸಲ ಅಲೆಯು ಏರಿಳಿಯುವುದೋ ಅದಕ್ಕೆ ಆವೃತ್ತಿಯೆಂದು ಹೆಸರು. ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವು ಅಲೆಯುದ್ದ. ಇವೆರಡರ ಗುಣಲಬ್ಧವೇ ವೇಗವಾದುದರಿಂದ, ಆವೃತ್ತಿ ಹೆಚ್ಚಿದಂತೆ ಅಲೆಯು ಗಿಡ್ಡವಾಗಲೇಬೇಕು. ಮಂಗಳೂರು ಆಕಾಶವಾಣಿಯು ೧೯೭೬ರಲ್ಲಿ ಆರಂಭವಾಯಿತು. ಅದರ ಮಧ್ಯಮ ತರಂಗದ ಆವೃತ್ತಿ ೧೦೮೯ ಕಿಲೋಹರ್ಟ್ಸ್. ಅಂದರೆ ಅಲೆಯುದ್ದ ಸುಮಾರು ೨೭೫ ಮೀಟರು. ಅದೇ ನಿಲಯದ ಎಫ್.ಎಂ. ಪ್ರಸಾರದ ಆವೃತ್ತಿ ೧೦೦.೩ ಮೆಗಾಹರ್ಟ್ಸ್, ಅಲೆಯುದ್ದ ಹೆಚ್ಚುಕಡಿಮೆ ೩ ಮೀಟರು. ಮಾಡಿನ ಮೇಲಿನ ಡಿಶ್ಶಿಗೆ ಇಳಿದುಬರುವ ಅಲೆಯ ಆವೃತ್ತಿಯಾದರೋ ೧೧,೦೦೦ ಮೆಗಾಹರ್ಟ್ಸಿನ ಆಸುಪಾಸು, ಅಲೆಯುದ್ದ ೨.೭ ಸೆಂಟಿಮೀಟರು ಮಾತ್ರ. ಒಂದು ಗುಡ್ಡದಷ್ಟು, ಒಂದು ಮನುಷ್ಯನ ಎರಡು ಆಳಿನಷ್ಟು, ಒಂದು ಅಡಕೆಯಷ್ಟು: ಈ ಮೂರು ಅಳತೆಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಬರಿಯ ಅಲೆಯಲ್ಲಿ ಸುದ್ದಿಯಿಲ್ಲ. ಅದು ಖಾಲಿ ಗಾಡಿಯಿದ್ದಂತೆ. ಮಾತನ್ನು ಅದರ ಮೇಲೆ ಹೇರಬೇಕು. ಮಾತಿನ ಏರಿಳಿತಕ್ಕೆ ತಕ್ಕಂತೆ ಅಲೆಯ ಎತ್ತರವನ್ನು ಹೆಚ್ಚುಕಡಿಮೆ ಮಾಡುವುದು ಒಂದು ಕ್ರಮ. ಮಧ್ಯಮ ತರಂಗದ ನಿಲಯಗಳು ಹೀಗೆ ಮಾಡುತ್ತವೆ. ಎತ್ತರವನ್ನು ಹಾಗೆಯೇ ಇರಿಸಿ ಆವೃತ್ತಿಯನ್ನು ತುಸು ಅತ್ತಿತ್ತ ಸರಿಸುವುದು ಇನ್ನೊಂದು ಕ್ರಮ, ಇದೇ ಎಫ್.ಎಂ. ಸಿಡಿಲು ಹೊಡೆದಾಗ ಆಕಾಶದ ಆ ದೊಡ್ಡ ಕಿಡಿಯೂ ರೇಡಿಯೋ ಅಲೆಗಳನ್ನು ಎಬ್ಬಿಸುತ್ತದೆ. ಅವು ನಿಲಯದ ಅಲೆಯೊಡನೆ ಸೇರಿ ಅದರ ಎತ್ತರವನ್ನು ಕೆಡಿಸುತ್ತವೆ. ಎತ್ತರದಲ್ಲಿಯೇ ಮಾತನ್ನು ಓದುವ ಮಧ್ಯಮ ತರಂಗದ ಯಂತ್ರವು ಆಗ ಕರಕರ ಎನ್ನುತ್ತದೆ. ಎತ್ತರವನ್ನು ಲಕ್ಷಿಸದ ಎಫ್.ಎಂ. ಯಂತ್ರವು ಸುಮ್ಮನಿರುತ್ತದೆ.

ಇನ್ನು ಅಲೆಗಳು ಸಾಗುವ ಬಗೆ. ಉದ್ದವಾದ ಅಲೆಯು ನೆಲವನ್ನು ತಬ್ಬಿಕೊಂಡು, ಗುಡ್ಡದ ಬೆನ್ನನ್ನು ಬಳಸಿಕೊಂಡು ಬಹುದೂರ ಹೋಗಬಲ್ಲುದು. ಅಲ್ಲದೆ, ನೆಲದಿಂದ ೬೦ ಕಿಲೋಮೀಟರಿಗೂ ಮೇಲೆ, ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳು ವಿದ್ಯುದ್ಯುಕ್ತವಾಗಿರುವ ಅಯಾನುಮಂಡಲವಿದೆ. ಹಗಲಿನಲ್ಲಿ ಅದರ ಕೆಳಪದರವು ಮಧ್ಯಮ ತರಂಗವನ್ನು ಹೀರಿಬಿಡುತ್ತದೆ. ಸೂರ್ಯನು ಮುಳುಗಿದ ಮೇಲೆ ಆ ಪದರವು ಕರಗಿ, ಮೇಲಿನ ಪದರಗಳು ಕನ್ನಡಿಯಂತೆ ಅಲೆಯನ್ನು ಮರಳಿ ನೆಲಕ್ಕೆ ಬಾಗಿಸುತ್ತವೆ. ರಾತ್ರಿಯ ಹೊತ್ತು ದೂರದೂರದ ನಿಲಯಗಳು ಕೇಳಿಸುವುದಕ್ಕೆ ಇದೇ ಕಾರಣ.

ಮೂರು ಮೀಟರಿನ ಎಫ್.ಎಂ. ಅಲೆಗೆ ಈ ಅನುಕೂಲವಿಲ್ಲ. ಅಯಾನುಮಂಡಲವನ್ನು ಅದು ತೂರಿಕೊಂಡು ಹೊರಟುಹೋಗುತ್ತದೆ. ನೆಲದ ಮೇಲೆ ಹೆಚ್ಚಾಗಿ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತದೆ. ಭೂಮಿಯು ಗುಂಡಗಿರುವುದರಿಂದ ನೋಟಕ್ಕೊಂದು ಎಲ್ಲೆಯುಂಟು. ಕಂಬದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು ೪.೧ರಿಂದ ಗುಣಿಸಿದರೆ ಅಲೆಯ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ೧೦೦ ಮೀಟರಿನ ಕಂಬಕ್ಕೆ ಅದು ೪೧ ಕಿಲೋಮೀಟರು. ಮಂಗಳೂರಿನಿಂದ ತೋಡಾರಿಗೆ ಇದಕ್ಕಿಂತ ಕಡಿಮೆ ದೂರ. ಆದರೂ ಗುಡ್ಡದ ನೆತ್ತಿಯ ಮನೆಯಲ್ಲಿ ಸ್ವಚ್ಛವಾಗಿ ಕೇಳುವ ಧ್ವನಿಯು ಬೈಲಿನ ತಗ್ಗಿನ ಮನೆಯಲ್ಲಿ ಮಂಕಾಗಬಹುದು. ನಡುವಿನ ಗುಡ್ಡದ ನೆರಳು ಅಲ್ಲಿ ಬೀಳುತ್ತದೆ.

ಹಾಗಾದರೆ ಕಂಬವನ್ನು ಎತ್ತರಿಸುತ್ತ ಹೋಗಬಾರದೇಕೆ? ಎಷ್ಟು ಎತ್ತರ? ೧೯೪೫ರಲ್ಲಿ ಆರ್ಥರ್ ಕ್ಲಾರ್ಕ್ ಎಂಬ ಆಂಗ್ಲ ಲೇಖಕನು ಇದಕ್ಕೆ ಸೊಗಸಾದ ಉತ್ತರವನ್ನು ಕೊಟ್ಟನು. ಭೂಮಧ್ಯರೇಖೆಯ ಮೇಲೆ ಸುಮಾರು ೩೫,೮೦೦ ಕಿಲೋಮೀಟರು ಎತ್ತರದಲ್ಲಿ, ಪೂರ್ವದಿಕ್ಕಿಗೆ ಸುತ್ತುವ ವಸ್ತುವು ಭೂಮಿಯು ಒಮ್ಮೆ ತಿರುಗುವಷ್ಟರಲ್ಲಿಯೇ ತಾನೂ ಒಂದು ಸುತ್ತನ್ನು ಮುಗಿಸುತ್ತದೆ. ಅದರ ವೇಗ ಸೆಕೆಂಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು. ಆದರೂ ನೆಲದಿಂದ ನೋಡುವವರಿಗೆ ಅದು ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ತೋರುತ್ತದೆ. ಅದೇ ಬಾನಿನ ಕಂಬ. ನೆಲದಿಂದ ಒಂದು ಆವೃತ್ತಿಯಲ್ಲಿ ಏರಿಬಂದ ಅಲೆಯನ್ನು ಹಿಡಿದು, ಬಲಗೊಳಿಸಿ, ಬೇರೊಂದು ಆವೃತ್ತಿಯಲ್ಲಿ ಅದು ಕೆಳಕ್ಕೆ ಬಿಡುತ್ತದೆ. ಎರಡೂ ಒಂದೇ ಆವೃತ್ತಿಯಾಗಿದ್ದರೆ ತನ್ನ ಕೂಗಿನಲ್ಲಿ ತನಗೆ ಬಂದ ಪಿಸುಮಾತೇ ಮುಳುಗಿಹೋದೀತು.

ಈ ವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. ೧೯೩೫ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೩೦ ವಾಟ್ ಶಕ್ತಿಯ ಪುಟ್ಟ ಪ್ರೇಷಕವೊಂದರಿಂದ ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು; ಮುಂದೆ ಅದೇ ದೇಶದ ಬಾನುಲಿಗೆಲ್ಲ ಹೆಸರಾಯಿತು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ‘ಆರ್ಯಭಟ’ವು ೧೯೭೫ರ ಏಪ್ರಿಲ್ ೧೯ರಂದು ಕಕ್ಷೆಯನ್ನೇರಿತು. ಅದೇ ವರ್ಷದ ಆಗಸ್ಟಿನಿಂದ ಒಂದು ವರ್ಷದ ಕಾಲ, ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಕಳುಹಿಸಲಾಯಿತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು.

ಆ ಹಳ್ಳಿಗಳ ಡಿಶ್ಶುಗಳು ಮೂರು ಮೀಟರು ಅಗಲದವು; ಕೋಳಿಗೂಡಿನ ಬಲೆಯಂಥ ತಂತಿಜಾಲರಿಯಿಂದ ಮಾಡಿದವು. ಅಲೆಯುದ್ದ ೩೫ ಸೆಂಟಿಮೀಟರು ಇದ್ದುದರಿಂದ ಜಾಲರಿಯ ಸಣ್ಣ ತೂತುಗಳು ಅಲೆಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಂದಿನ ಡಿಶ್ ಅರವತ್ತು ಸೆಂಟಿಮೀಟರು ಇದ್ದರೆ ಸಾಕು. ಡಿಶ್ಶಿನ ಬಾಗು ಬಂದ ಅಲೆಗಳನ್ನು ಒಂದೇ ಬಿಂದುವಿಗೆ ಕೂಡಿಸುತ್ತದೆ. ಅದರ ಚುರುಕು ನಿಂತಿರುವುದು ಅಗಲದ ಮೇಲಲ್ಲ, ಅಗಲದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬುದರ ಮೇಲೆ. ಅಲೆಯು ಗಿಡ್ಡವಾದಂತೆ ಡಿಶ್ಶೂ ಕಿರಿದಾಗಬಹುದು. ಪ್ರತಿ ಮನೆಯ ಮಾಡಿಗೂ ಉಪಗ್ರಹವು ಇಳಿದುಬಂದದ್ದು ಈ ತತ್ತ್ವದಿಂದಲೇ.

ತೋಡಾರು ಭೂಮಧ್ಯರೇಖೆಗೆ ಉತ್ತರಕ್ಕೆ ೧೩ ಡಿಗ್ರಿಯಲ್ಲಿಯೂ, ೭೫ ಡಿಗ್ರಿ ಪೂರ್ವ ರೇಖಾಂಶದ ಹತ್ತಿರವೂ ಇದೆ. ೨೦೧೫ರಲ್ಲಿ ಹಾರಿಸಿದ ಜಿಸ್ಯಾಟ್-೧೫ ಉಪಗ್ರಹದ ತಾಣ ೯೩.೫ ಡಿಗ್ರಿ ಪೂರ್ವ. ಲೆಕ್ಕ ಹಾಕಿದರೆ, ತೋಡಾರಿನ ಅಂಗಳದಿಂದ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು ೬೪ ಡಿಗ್ರಿ ಮೇಲೆ, ೩೬,೩೫೦ ಕಿಲೋಮೀಟರು ದೂರದಲ್ಲಿದೆ. ಡಿಶ್ಶಿನ ಮುಖವು ಅಷ್ಟು ಮೇಲಕ್ಕೆ ಎತ್ತಿದಂತೆ ಕಾಣದಿದ್ದರೆ, ಅಲೆಯನ್ನು ಹಿಡಿಯುವ ಕೊಂಬನ್ನು ನಡುವಿನಿಂದ ಕೆಳಕ್ಕೆ ಸರಿಸಿ ಕೂರಿಸಿರುವುದೇ ಕಾರಣ. ಇದರ ನೋಟದ ಅಗಲ ಮೂರು ಡಿಗ್ರಿಯಷ್ಟೇ. ಅಂಚು ಒಂದೆರಡು ಸೆಂಟಿಮೀಟರು ಸರಿದರೂ ಗುರಿ ತಪ್ಪುತ್ತದೆ. ಉಪಗ್ರಹವೂ ತಾಣ ಬಿಟ್ಟು ಸರಿಯಬಾರದು. ಸೂರ್ಯಚಂದ್ರರ ಸೆಳೆತವು ಅದನ್ನು ಸದಾ ಅತ್ತಿತ್ತ ಜಗ್ಗುತ್ತಿರುತ್ತದೆ. ಘಟ್ಟದ ಮೇಲಿನ ಹಾಸನದಲ್ಲಿ ೧೯೮೨ರಲ್ಲಿ ಸ್ಥಾಪಿಸಿದ ಪ್ರಧಾನ ನಿಯಂತ್ರಣ ಕೇಂದ್ರದವರು ಆಗಾಗ ಅದರ ಚಿಕ್ಕ ರಾಕೆಟ್ಟುಗಳನ್ನು ಉರಿಸಿ ಸ್ವಸ್ಥಾನಕ್ಕೆ ತರುತ್ತಾರೆ. ಆ ಇಂಧನವು ತೀರಿದ ದಿನ ಉಪಗ್ರಹದ ಆಯುಷ್ಯವೂ ಸಾಮಾನ್ಯವಾಗಿ ತೀರಿತು.

ಈಗ ನಮ್ಮ ಪ್ರಶ್ನೆಗೆ ಉತ್ತರವು ತಾನಾಗಿಯೇ ಒದಗುತ್ತದೆ. ಮಳೆಯ ಹನಿಯ ಅಗಲ ಕೆಲವು ಮಿಲಿಮೀಟರು. ೨೭೫ ಮೀಟರಿನ ಅಲೆಗಾಗಲಿ ೩ ಮೀಟರಿನ ಅಲೆಗಾಗಲಿ ಆ ಹನಿಯು ಇದ್ದೂ ಇಲ್ಲದಂತೆ. ೨.೭ ಸೆಂಟಿಮೀಟರಿನ ಅಲೆಗೆ ಹಾಗಲ್ಲ. ಪ್ರತಿಯೊಂದು ಹನಿಯೂ ಅದನ್ನು ಅಷ್ಟಿಷ್ಟು ಹೀರುತ್ತದೆ, ಅಷ್ಟಿಷ್ಟು ಚದರಿಸುತ್ತದೆ. ಉಪಗ್ರಹದ ಒಂದೊಂದು ಪ್ರೇಷಕದ ಶಕ್ತಿ ನೂರಿನ್ನೂರು ವಾಟ್. ಅದು ದೇಶದಗಲಕ್ಕೂ ಹರಡಿ ನಮ್ಮ ಡಿಶ್ಶಿಗೆ ಮುಟ್ಟುವಾಗ ಅತ್ಯಲ್ಪ. ಕೆಲವು ಕಿಲೋಮೀಟರುಗಳ ದಟ್ಟ ಮಳೆಯು ಅದರ ಬಹುಭಾಗವನ್ನು ಕಿತ್ತುಕೊಂಡಾಗ ಉಳಿಯುವುದು ಯಂತ್ರವು ಗುರುತಿಸಲಾರದಷ್ಟು. ಚಿಕ್ಕ ಡಿಶ್ಶಿನ ಸೌಕರ್ಯವನ್ನು ಯಾವ ಗಿಡ್ಡ ಅಲೆಯು ಕೊಟ್ಟಿತೋ ಅದೇ ಮಳೆಗೆ ಸೋಲುವ ದೌರ್ಬಲ್ಯವನ್ನೂ ತಂದಿತು.

ಇದನ್ನು ಬರಿಯ ಕುತೂಹಲದ ವಿಷಯವೆಂದು ತಿಳಿಯಬಾರದು. ೨೦೧೭ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತವು ಅರಬ್ಬೀ ಸಮುದ್ರದತ್ತ ಬಂದಾಗ, ಕೇರಳ ಮತ್ತು ತಮಿಳುನಾಡಿನ ಎಷ್ಟೋ ದೋಣಿಗಳು ಆಗಲೇ ಆಳಸಮುದ್ರದಲ್ಲಿದ್ದವು. ಎಚ್ಚರಿಕೆಯ ಮಾತು ಅವುಗಳನ್ನು ತಲುಪಲಿಲ್ಲ. ಅನೇಕ ಮೀನುಗಾರರು ಮರಳಲಿಲ್ಲ. ನಮ್ಮ ಸೂತ್ರವನ್ನೇ ಇಲ್ಲಿ ಅನ್ವಯಿಸಿ ನೋಡಿರಿ. ದಡದಲ್ಲಿ ೧೦೦ ಮೀಟರಿನ ಕಂಬವಿದ್ದರೆ ೪೧ ಕಿಲೋಮೀಟರು. ದೋಣಿಯ ೪ ಮೀಟರಿನ ಕಂಬಕ್ಕೆ ೮ ಕಿಲೋಮೀಟರು. ಕೂಡಿದರೆ ೫೦ ಕಿಲೋಮೀಟರು ಸಹ ಆಗದು. ಮಂಗಳೂರು, ಮಲ್ಪೆಗಳ ಆಳಸಮುದ್ರದ ದೋಣಿಗಳು ಇದಕ್ಕಿಂತ ಬಹುದೂರ ಹೋಗುತ್ತವೆ. ಅಲ್ಲಿಗೂ ಮಾತನ್ನು ಮುಟ್ಟಿಸಬಲ್ಲದ್ದು ಬಾನಿನ ಕಂಬ. ಆದಕಾರಣ ನಮ್ಮ ಬಾಹ್ಯಾಕಾಶ ಸಂಸ್ಥೆಯು ಉಪಗ್ರಹದ ಮೂಲಕ ಆಪತ್ತಿನ ಕರೆಯನ್ನು ಕಳುಹಿಸುವ ಪುಟ್ಟ ಯಂತ್ರವನ್ನು ಮೀನುಗಾರರಿಗಾಗಿ ರೂಪಿಸಿತು. ಅದರ ಎರಡನೆಯ ಪೀಳಿಗೆಯು ೨೦೨೪ರಲ್ಲಿ ಬಂದಿತು. ಕರೆ ಮುಟ್ಟಿತೆಂಬ ಉತ್ತರವೂ ಇದರಲ್ಲಿ ದೋಣಿಗೆ ಮರಳಿ ಬರುತ್ತದೆ. ಅಲೆಗಳ ನಡುವೆ ಒಂಟಿಯಾಗಿರುವವನಿಗೆ ಆ ಉತ್ತರದ ಬೆಲೆ ಸಣ್ಣದಲ್ಲ.

ಹೀಗೆ ಒಂದೊಂದು ಅಲೆಗೂ ಅದರದೇ ಆದ ಶಕ್ತಿಯೂ ಮಿತಿಯೂ ಉಂಟು. ಆಳಸಮುದ್ರಕ್ಕೆ ಉಪಗ್ರಹವು ಬೇಕು. ಉಪಗ್ರಹದ ಡಿಶ್ ಮೂಕವಾಗುವ ಜಡಿಮಳೆಯ ರಾತ್ರಿಗೆ ಬ್ಯಾಟರಿಯ ರೇಡಿಯೋ ಬೇಕು. ನೆರೆ, ಗುಡ್ಡಜರಿತಗಳ ಎಚ್ಚರಿಕೆಯು ಹೆಚ್ಚಾಗಿ ಬೇಕಾಗುವುದು ಅಂಥ ರಾತ್ರಿಯಲ್ಲಿಯೇ ಅಲ್ಲವೆ? ಆದುದರಿಂದ ಅಟ್ಟದ ಮೇಲಿನ ಹಳೆಯ ಟ್ರಾನ್ಸಿಸ್ಟರನ್ನು ಗುಜರಿಗೆ ಹಾಕದೆ, ಮಳೆಗಾಲಕ್ಕೆ ಮೊದಲು ಅದಕ್ಕೆ ಹೊಸ ಬ್ಯಾಟರಿಯನ್ನು ತಂದಿಡುವುದು ಒಳ್ಳೆಯದು. ಡಿಶ್ಶನ್ನು ತಿರುಗಿಸಲು ಮಾಡು ಹತ್ತುವ ಹುಡುಗನಿಗೆ ಇಷ್ಟೇ ಹೇಳಿರಿ: ‘ಮಳೆ ಬಿಡಲಿ, ಅಲೆಯು ತಾನಾಗಿಯೇ ಬರುತ್ತದೆ.’